ತೇರಿನಂತೆ ತಿರುಗುವ ಗಾಬ್ಲಿನ್ ಪಡೆ

ವಾರ್‌ಹ್ಯಾಮರ್ ಫ್ಯಾಂಟಸಿ ಎಂದರೆ ಮೇಜಿನ ಮೇಲೆ ಗೊಂಬೆ ಸೇನೆ ನಡೆಸಿ, ದಾಳ ಉರುಳಿಸಿ ಆಡುವ ಯುದ್ಧದಾಟ. ಅದರ 8ನೇ ಆವೃತ್ತಿ ಬಂದದ್ದು 2010ರಲ್ಲಿ. 2015ರಲ್ಲಿ ತಯಾರಕ ಕಂಪನಿ ಆ ಆಟವನ್ನೇ ನಿಲ್ಲಿಸಿತು. ನಮ್ಮ ಐದಾರು ಮಂದಿ ಗೆಳೆಯರು ಇನ್ನೂ ಅದನ್ನೇ ಆಡುತ್ತೇವೆ. ನನ್ನದು ನೈಟ್ ಗಾಬ್ಲಿನ್ ಎಂಬ ಕುಳ್ಳ ಜೀವಿಗಳ ದಂಡು. ಸೇನೆ ಕಟ್ಟಲು ತೆರುವ ಬೆಲೆ ತಲೆಗೆ ಮೂರೇ ಪಾಯಿಂಟ್. ಅಗ್ಗದ ಮಾಲು ಎಂದು ಮರುಳಾಗಿ 120 ಗೊಂಬೆ ಕೂಡಿಸಿದೆ.

ಹತ್ತು ಜನ ಅಗಲಕ್ಕೆ ನಿಂತರೆ ಮೂರನೆಯ ಸಾಲೂ ಹೊಡೆಯಬಹುದು ಎಂಬ ನಿಯಮವಿದೆ. ಐವತ್ತು ಗಾಬ್ಲಿನ್‌ಗಳನ್ನು ಹಾಗೆ ನಿಲ್ಲಿಸಿ, ಎದುರಾಳಿಯ ಕೇಯಾಸ್ ಯೋಧರ ಮೇಲೆ ಮೂವತ್ತು ದಾಳ ಉರುಳಿಸಿದೆ. ಹತ್ತು ತಾಗಿದವು, ಮೂರು ಗಾಯ ಮಾಡಿದವು, ಕವಚ ದಾಟಿದ್ದು ಒಂದು. ಲೆಕ್ಕ ಹಾಕಿ ನೋಡಿದರೆ ಸರಾಸರಿಯೂ ಅಷ್ಟೇ. ಅದು ನನ್ನ ದುರದೃಷ್ಟವೇನಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ತಿರುಗುವಾಗ. ಒಂದು ಗಾಬ್ಲಿನ್ನಿನ ಪೀಠ 20 ಮಿಲಿಮೀಟರ್. ಹತ್ತು ಸೇರಿದರೆ ಸುಮಾರು ಎಂಟು ಇಂಚು. ನಡಿಗೆ ನಾಲ್ಕೇ ಇಂಚು, ಅದನ್ನೂ ಹೊರ ಅಂಚಿನಲ್ಲಿ ಅಳೆಯಬೇಕು. ಪೂರ್ತಿ ನಡಿಗೆ ಸುರಿದರೂ 30 ಡಿಗ್ರಿ ತಿರುಗುವುದಿಲ್ಲ. ರಥಬೀದಿಯ ಮೂಲೆಯಲ್ಲಿ ತೇರು ತಿರುಗಿಸುವುದನ್ನು ನೋಡಿದವರಿಗೆ ಈ ಸಂಕಟ ಅರ್ಥವಾದೀತು. ನಾನು ಗೊಂಬೆಗಳನ್ನು ಎಳೆದಾಡುತ್ತಿರುವಾಗಲೇ ಎಲ್ಫ್ ಕುದುರೆಪಡೆ ಪಕ್ಕಕ್ಕೆ ಬಂದು ನಿಂತಿತ್ತು.

ಈಗ ಅದೇ ಐವತ್ತನ್ನು ಐದು ಅಗಲ, ಹತ್ತು ಆಳ ನಿಲ್ಲಿಸುತ್ತೇನೆ. ತಿರುಗುವುದು ಇಮ್ಮಡಿ ಸಲೀಸು. ಎದುರಾಳಿಗಿಂತ ಸಾಲು ಹೆಚ್ಚಿದ್ದರೆ ಕಾಳಗದಲ್ಲಿ ಎಷ್ಟು ಅಂತರದಲ್ಲಿ ಸೋತರೂ, ಓಡದೆ ನಿಲ್ಲುವ ಧೈರ್ಯ ಅಳೆಯುವ ಲೀಡರ್‌ಶಿಪ್ ಅಂಕ ಕುಗ್ಗುವುದಿಲ್ಲ. ನೈಟ್ ಗಾಬ್ಲಿನ್‌ಗಳ ಸ್ವಂತ ಅಂಕವಾದರೋ 5. ಎರಡು ದಾಳದ ಮೊತ್ತ ಆ ಅಂಕವನ್ನು ಮೀರಬಾರದು, ಹಾಗಾಗಿ 36 ಬಗೆಯಲ್ಲಿ ಅವು ನಿಲ್ಲುವುದು ಹತ್ತರಲ್ಲಿ ಮಾತ್ರ. 12 ಇಂಚಿನೊಳಗೆ 8 ಅಂಕದ ಸೇನಾಪತಿ ಇದ್ದು ಅವನ ಅಂಕ ಸಿಕ್ಕರೆ 26ರಲ್ಲಿ. ಸೇನೆಯ ಧ್ವಜಧಾರಿಯೂ ಹತ್ತಿರವಿದ್ದು ದಾಳವನ್ನು ಮತ್ತೊಮ್ಮೆ ಎಸೆಯಲು ಸಿಕ್ಕರೆ ನೂರಕ್ಕೆ ತೊಂಬತ್ತೆರಡು ಸಲ ನಿಲ್ಲುತ್ತವೆ. ಇದು ತಿಳಿಯದ ದಿನಗಳಲ್ಲಿ ನನ್ನ ಸೇನಾಪತಿಯನ್ನು ಬಲಮೂಲೆಯ ಕಾಡಿನ ಹಿಂದೆ ಬಚ್ಚಿಟ್ಟಿದ್ದೆ. ಎಡಗಡೆಯ ದಂಡು ಒಂದೇ ಸರದಿಯಲ್ಲಿ ಚದುರಿತು. ಅವನಿಗೆ ಮಾತ್ರ ಒಂದು ಗೀರೂ ಬೀಳಲಿಲ್ಲ.

ಒಂದರ ಹಿಂದೆ ಇನ್ನೊಂದು ಗುಂಪನ್ನು ಒತ್ತಿ ನಿಲ್ಲಿಸುವುದನ್ನೂ ಬಿಟ್ಟಿದ್ದೇನೆ. ಸರದಿಯ ಮೊದಲಿಗೆ ದಾಳದಲ್ಲಿ 1 ಬಿದ್ದರೆ ಇವು ಹೆಚ್ಚಿನ ಸಲ ತಮ್ಮತಮ್ಮಲ್ಲೇ ಕಚ್ಚಾಡುತ್ತಾ ನಿಂತುಬಿಡುತ್ತವೆ. ಹಿಂದಿನವರಿಗೆ ದಾರಿ ಇರುವುದಿಲ್ಲ.

ಎದುರಾಳಿಯ ತಾಳ್ಮೆಯೂ ಲೆಕ್ಕಕ್ಕೆ ಬರುತ್ತದೆ. ಮೊದಲೆಲ್ಲ ಆರು ಸರದಿಯ ಆಟದಲ್ಲಿ ಮೂರನೆಯ ಸರದಿಗೇ ಕತ್ತಲಾಗುತ್ತಿತ್ತು. ಗುಂಪನ್ನು ನಿಲ್ಲಿಸುವ ಟ್ರೇಗೆ ತಗಡು ಹಾಸಿ, ಪೀಠಗಳಡಿ ಅಯಸ್ಕಾಂತ ಅಂಟಿಸಿದ ಮೇಲೆ ಇಡೀ ಗುಂಪು ಒಂದೇ ಕೈಯಲ್ಲಿ ಸರಿಯುತ್ತದೆ.

ಬಣ್ಣದ ಕೆಲಸ ಹತ್ತು ಹತ್ತಾಗಿ ನಡೆದಿದೆ: ಎಲ್ಲಕ್ಕೂ ಕರಿ ಪ್ರೈಮರ್, ಅದೇ ನಿಲುವಂಗಿ, ಮುಂದಿನ ಸಾಲಿಗೆ ಮಾತ್ರ ಕಣ್ಣು, ಹಲ್ಲು. ಮೂವತ್ತಕ್ಕೆ ಇನ್ನೂ ಬಣ್ಣವೇ ಬಿದ್ದಿಲ್ಲ. ಅವನ್ನು ಹಿಂದೆ ನಿಲ್ಲಿಸುತ್ತೇನೆ. ಸತ್ತವರನ್ನು ಹಿಂದಿನ ಸಾಲಿನಿಂದಲೇ ತೆಗೆಯುವುದರಿಂದ ಎರಡನೆಯ ಸರದಿಯ ಹೊತ್ತಿಗೆ ಮೇಜು ಚೆಂದ ಕಾಣತೊಡಗುತ್ತದೆ.