ಹೊಸಬರಿಗೆ ಮಾರ್ಗದರ್ಶಿ: ಮಕ್ಕಳ ಗಣಿತದ ‘ಬೌಂಡ್ಸ್’ ಪಾಠ

ಊರಿಂದ ಇಂಗ್ಲೆಂಡಿಗೆ ಬಂದ ಮಕ್ಕಳಿಗೆ ಇಲ್ಲಿನ ಗಣಿತ ಸಾಮಾನ್ಯವಾಗಿ ಅಷ್ಟೇನೂ ಕಷ್ಟ ಆಗುವುದಿಲ್ಲ. ಬೀಜಗಣಿತ, ತ್ರಿಕೋನಮಿತಿ ಎಲ್ಲ ಅಲ್ಲೇ ಚೆನ್ನಾಗಿ ಕಲಿತು ಬಂದಿರುತ್ತಾರೆ. ತೊಡಕಾಗುವುದು ಅಲ್ಲಿ ಪ್ರತ್ಯೇಕ ಪಾಠವಾಗಿ ಇಲ್ಲದ ವಿಷಯಗಳಲ್ಲಿ. ಅಂಥದ್ದರಲ್ಲಿ ಒಂದು, ಜಿಸಿಎಸ್‌ಇಯಲ್ಲಿ (ಊರಿನ ಹತ್ತನೇ ತರಗತಿಯಂತೆ ಹದಿನಾರರ ಸುಮಾರಿಗೆ ಇಲ್ಲಿ ಬರೆಯುವ ಪರೀಕ್ಷೆ) ಬರುವ ‘ಅಪ್ಪರ್ ಬೌಂಡ್, ಲೋವರ್ ಬೌಂಡ್’. ಪಿಯುಸಿ ಸೈನ್ಸ್ ಮಾಡಿದವರಿಗೆ ಫಿಸಿಕ್ಸ್ ಪುಸ್ತಕದ ಅಳತೆ ಮತ್ತು ದೋಷಗಳ ಪಾಠ ನೆನಪಿದ್ದರೆ ಅರ್ಧ ಗೊತ್ತಿದ್ದ ಹಾಗೆಯೇ. ಉಳಿದವರೂ ಒಂದು ಸಂಜೆ ಮಕ್ಕಳ ಜೊತೆ ಕೂತರೆ ಸಾಕು.

ಒಂದು ಪೆನ್ಸಿಲ್ ‘8 ಸೆಂ.ಮೀ., ಹತ್ತಿರದ ಸೆಂಟಿಮೀಟರಿಗೆ’ ಅಂತ ಪ್ರಶ್ನೆಯಲ್ಲಿ ಕೊಟ್ಟಿರುತ್ತಾರೆ. ಅದು ಸರಿಯಾಗಿ 8 ಇರಬೇಕು ಅಂತೇನಿಲ್ಲ. 7.6 ಇದ್ದರೂ 8 ಅಂತಲೇ ಬರೆಯುತ್ತೇವೆ, 8.3 ಇದ್ದರೂ ಅಷ್ಟೇ. ಅದು 7.5ಕ್ಕಿಂತ ಕಡಿಮೆ ಇದ್ದರೆ 7 ಆಗುತ್ತದೆ, 8.5 ಮುಟ್ಟಿದರೆ 9 ಆಗುತ್ತದೆ. ಹಾಗಾಗಿ ಕೆಳಗಿನ ಮಿತಿ 7.5, ಮೇಲಿನ ಮಿತಿ 8.5. ಯಾವ ಅಳತೆಗೆ ರೌಂಡ್ ಮಾಡಿದ್ದಾರೋ ಅದರ ಅರ್ಧ ಕಳೆಯಿರಿ, ಅರ್ಧ ಕೂಡಿಸಿ. ಹತ್ತಿರದ 10ಕ್ಕೆ ಅಂದರೆ 5. ಒಂದು ದಶಮಾಂಶ ಸ್ಥಾನಕ್ಕೆ ಅಂದರೆ 0.05. 3400 ಅನ್ನುವುದನ್ನು ‘ಎರಡು ಸಿಗ್ನಿಫಿಕಂಟ್ ಫಿಗರ್‌ಗೆ’ (ಮೊದಲಿನ ಎರಡು ಸಾರ್ಥಕ ಅಂಕಿಗಳಿಗೆ) ಅಂತ ಕೊಟ್ಟರೆ ಅದು ಹತ್ತಿರದ ನೂರಕ್ಕೆ ರೌಂಡ್ ಮಾಡಿದ್ದು, ಹಾಗಾಗಿ ಮಿತಿಗಳು 3350 ಮತ್ತು 3450. ಮಕ್ಕಳು ಜಾಸ್ತಿ ತಪ್ಪುವುದು ಈ ಕೊನೆಯದರಲ್ಲಿ.

ಈಗ ಮನೆಮನೆಯಲ್ಲೂ ವಾದಕ್ಕೆ ಕಾರಣವಾಗುವ ಮಾತಿಗೆ ಬರೋಣ. ‘8.5 ಅಂದರೆ 9 ಆಗುತ್ತಲ್ವಾ? ಮತ್ತೆ ಮೇಲಿನ ಮಿತಿ 8.5 ಹೇಗಾಯ್ತು? 8.4 ಅಥವಾ 8.49 ಅಲ್ವಾ?’ ಮಗು ಹೀಗೆ ಕೇಳಿದರೆ ಖುಷಿಪಡಿ, ಅದು ಯೋಚಿಸುತ್ತಿದೆ. ‘ಸುಮ್ನೆ ಹಾಗೇ ಬರಿ’ ಅನ್ನಬೇಡಿ. ತಿರುಗಿ ಕೇಳಿ: 8.49 ಕೊನೆಯಾದರೆ 8.495 ಎಲ್ಲಿಗೆ ಹೋಯಿತು? ಅದೂ 8ಕ್ಕೇ ರೌಂಡ್ ಆಗುತ್ತದೆ. 8.4999 ಕೂಡ ಹಾಗೇ. ಎಷ್ಟು 9 ಸೇರಿಸಿದರೂ ಅದಕ್ಕಿಂತ ದೊಡ್ಡದು ಇನ್ನೊಂದು ಇದ್ದೇ ಇರುತ್ತದೆ. ಎಲ್ಲವೂ 8.5ರ ಹತ್ತಿರ ಹೋಗುತ್ತವೆ, ದಾಟುವುದಿಲ್ಲ. ಅಂದರೆ ಬೇಲಿ ಇರುವುದು 8.5ರಲ್ಲಿ, ಪೆನ್ಸಿಲ್ ಅದರ ಒಳಗಿದೆ. ಈ ಮಾತನ್ನೇ ಪರೀಕ್ಷೆಯಲ್ಲಿ ‘ಎರರ್ ಇಂಟರ್ವಲ್’ ಅಂತ ಕೇಳುತ್ತಾರೆ. ಉತ್ತರ 7.5 ≤ x < 8.5. ಎಡಗಡೆ ಸಮ ಚಿಹ್ನೆಯ ಗೆರೆ ಇದೆ, ಬಲಗಡೆ ಇಲ್ಲ. ಆ ಒಂದು ಗೆರೆ ತಪ್ಪಾದರೂ ಅಂಕ ಹೋಗಬಹುದು.

ಎರರ್ ಇಂಟರ್ವಲ್ ಬರೆಯುವುದು ಫೌಂಡೇಶನ್, ಹೈಯರ್ ಎರಡು ಟಿಯರ್‌ಗಳಲ್ಲೂ (ಪರೀಕ್ಷೆಯ ಸುಲಭದ ಮತ್ತು ಕಷ್ಟದ ಹಂತಗಳು) ಬರುತ್ತದೆ. ಮಿತಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡುವುದು ಹೈಯರ್‌ನವರಿಗೆ ಮಾತ್ರ.

ಕೂಡುವುದು, ಗುಣಿಸುವುದು ಸುಲಭ. 8 ಮತ್ತು 5 ಸೆಂ.ಮೀ. ಬದಿಗಳ ಆಯತದ ವಿಸ್ತೀರ್ಣ 40 ಅಂತ ನಾವು ಕಣ್ಣುಮುಚ್ಚಿ ಹೇಳುತ್ತೇವೆ. ಎರಡೂ ಹತ್ತಿರದ ಸೆಂಟಿಮೀಟರಿಗೆ ಅಳೆದದ್ದಾದರೆ ವಿಸ್ತೀರ್ಣ 7.5 × 4.5 = 33.75ರಿಂದ 8.5 × 5.5 = 46.75ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸಣ್ಣ ಅಂದಾಜು ಎಷ್ಟು ದೂರ ಹೋಗುತ್ತದೆ ನೋಡಿ. ನನಗೆ ಈ ಪಾಠ ಇಷ್ಟವಾಗುವುದೇ ಇದಕ್ಕೆ.

ಕಳೆಯುವಾಗ, ಭಾಗಿಸುವಾಗ ಎಚ್ಚರ ಬೇಕು. 9 ಮೀಟರ್ ಹಗ್ಗದಿಂದ 4 ಮೀಟರ್ ಕತ್ತರಿಸಿದರು, ಎರಡೂ ಹತ್ತಿರದ ಮೀಟರಿಗೆ. ಉಳಿದದ್ದು ಅತಿ ಹೆಚ್ಚೆಂದರೆ ಎಷ್ಟು? ಹಗ್ಗ ಆದಷ್ಟು ಉದ್ದ, ತುಂಡು ಆದಷ್ಟು ಚಿಕ್ಕದು ಇರಬೇಕು: 9.5 − 3.5 = 6. ‘ದೊಡ್ಡದು ಬೇಕಲ್ಲ’ ಅಂತ 9.5 − 4.5 ಮಾಡಿದರೆ ತಪ್ಪು. ಭಾಗಾಕಾರದಲ್ಲೂ ಹೀಗೇ. ಅತಿ ಹೆಚ್ಚು ವೇಗ ಬೇಕೆಂದರೆ ದೂರದ ಮೇಲಿನ ಮಿತಿಯನ್ನು ಸಮಯದ ಕೆಳಗಿನ ಮಿತಿಯಿಂದ ಭಾಗಿಸಬೇಕು. ಸೂತ್ರ ಬಾಯಿಪಾಠ ಮಾಡಿಸುವ ಬದಲು ಪ್ರತಿ ಸಲ ‘ಉತ್ತರ ದೊಡ್ಡದಾಗಬೇಕಾದರೆ ಯಾವುದು ಹಿಗ್ಗಬೇಕು, ಯಾವುದು ಕುಗ್ಗಬೇಕು?’ ಅಂತ ಕೇಳಿ. ಕನ್ನಡದಲ್ಲೇ ಕೇಳಿ, ತೊಂದರೆಯಿಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ಶಾಲೆಯಲ್ಲಿ ಕಲಿಸಿದ ಕ್ರಮದಲ್ಲಿ ಬರೆಯಲಿ.

ಕಥೆ ರೂಪದ ಪ್ರಶ್ನೆಯೂ ಬರುತ್ತದೆ. ವ್ಯಾನ್ ಹೊರುವ ಭಾರ 1200 ಕೆ.ಜಿ., ಹತ್ತಿರದ ನೂರಕ್ಕೆ. ಒಂದು ಪೆಟ್ಟಿಗೆ 23 ಕೆ.ಜಿ., ಹತ್ತಿರದ ಕೆ.ಜಿ.ಗೆ. ಖಂಡಿತ ಅಪಾಯವಿಲ್ಲದೆ ಎಷ್ಟು ಪೆಟ್ಟಿಗೆ ತುಂಬಬಹುದು? ವ್ಯಾನಿಗೆ ಕಡಿಮೆ ಶಕ್ತಿ, ಪೆಟ್ಟಿಗೆಗೆ ಜಾಸ್ತಿ ಭಾರ ಅಂತ ಹಿಡಿಯಬೇಕು. 1150 ÷ 23.5 ಅಂದರೆ 48.9 ಚಿಲ್ಲರೆ. ಉತ್ತರ 48, 49 ಅಲ್ಲ.

ಹೈಯರ್‌ನ ಕೊನೆಯ ಪುಟಗಳಲ್ಲಿ ‘ಸೂಕ್ತ ನಿಖರತೆಗೆ ಉತ್ತರ ಕೊಡಿ, ಕಾರಣ ಹೇಳಿ’ ಅಂತ ಕೇಳುವುದುಂಟು. ಓಟಗಾರ್ತಿಯೊಬ್ಬಳು 100 ಮೀಟರನ್ನು (ಹತ್ತಿರದ ಮೀಟರಿಗೆ) 12.4 ಸೆಕೆಂಡಿನಲ್ಲಿ (ಒಂದು ದಶಮಾಂಶಕ್ಕೆ) ಓಡಿದಳು ಅನ್ನಿ. ವೇಗದ ಮೇಲಿನ ಮಿತಿ 100.5 ÷ 12.35, ಸುಮಾರು 8.138. ಕೆಳಗಿನದು 99.5 ÷ 12.45, ಸುಮಾರು 7.992. ಒಂದು ದಶಮಾಂಶಕ್ಕೆ ಇವು 8.1 ಮತ್ತು 8.0, ಬೇರೆ ಬೇರೆ. ಪೂರ್ಣಾಂಕಕ್ಕೆ ಎರಡೂ 8. ಹಾಗಾಗಿ ಉತ್ತರ ಸೆಕೆಂಡಿಗೆ 8 ಮೀಟರ್. ಕಾರಣ, ಎರಡು ಮಿತಿಗಳೂ ಅಲ್ಲಿ ಒಪ್ಪುತ್ತವೆ. ಈ ಕಾರಣದ ಸಾಲನ್ನು ಬಿಡಲೇಬಾರದು.

‘ಟ್ರಂಕೇಟ್’ ಅನ್ನುವ ಪದ ಕಂಡರೆ ನಿಯಮ ಬೇರೆ. ಅಲ್ಲಿ ರೌಂಡ್ ಮಾಡುವುದಿಲ್ಲ, ಮುಂದಿನ ಅಂಕಿಗಳನ್ನು ಕತ್ತರಿಸಿ ಎಸೆಯುತ್ತಾರೆ. ನಾವು ವಯಸ್ಸು ಹೇಳುವುದೂ ಹೀಗೇ ಅಲ್ವಾ, ಹದಿನೈದು ವರ್ಷ ಹನ್ನೊಂದು ತಿಂಗಳಾದರೂ ಹದಿನೈದೇ. 5.6ಕ್ಕೆ ಟ್ರಂಕೇಟ್ ಮಾಡಿದ್ದರೆ 5.6 ≤ x < 5.7.

ಊರಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಕ್ಯಾಲ್ಕುಲೇಟರ್ ಒಯ್ಯುವ ಹಾಗಿಲ್ಲ. ಇಲ್ಲಿ ಗಣಿತದ ಮೂರು ಪತ್ರಿಕೆಗಳಲ್ಲಿ ಎರಡಕ್ಕೆ ಬೇಕೇ ಬೇಕು. ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಗ ಕೊಡಿಸಿ, ಕೈಗೆ ರೂಢಿಯಾಗಲಿ. ಲೆಕ್ಕದ ನಡುವೆ ರೌಂಡ್ ಮಾಡಬಾರದು, ಕೊನೆಯಲ್ಲಿ ಮಾತ್ರ. ಉತ್ತರ ತಪ್ಪಿದರೂ ಹಂತಗಳಿಗೆ ಅಂಕ ಸಿಗುತ್ತದೆ, ಆದ್ದರಿಂದ ಮೊದಲು ಮಿತಿಗಳನ್ನು ಬರೆದಿಟ್ಟೇ ಲೆಕ್ಕ ಶುರುಮಾಡಲಿ. ಮನಸ್ಸಿನಲ್ಲೇ ಲೆಕ್ಕ ಮಾಡುವ ಜಾಣ ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಅಭ್ಯಾಸಕ್ಕೆ ಟ್ಯೂಷನ್ನೇ ಬೇಕು ಅಂತಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಎಕ್ಯೂಎ, ಎಡೆಕ್ಸೆಲ್, ಓಸಿಆರ್ ಬೋರ್ಡುಗಳ ವೆಬ್‌ಸೈಟಿನಲ್ಲಿವೆ. ಕಾರ್ಬೆಟ್ ಮ್ಯಾಥ್ಸ್, ಮ್ಯಾಥ್ಸ್ ಜೀನಿ ತಾಣಗಳಲ್ಲಿ ಈ ಪಾಠದ ವಿಡಿಯೋ, ಪ್ರಶ್ನೆಗಳು ಪುಕ್ಕಟೆ ಸಿಗುತ್ತವೆ. ಪೇರೆಂಟ್ಸ್ ಈವ್ನಿಂಗ್‌ಗೆ ತಪ್ಪದೆ ಹೋಗಿ, ಎರಡು ವಿಷಯ ಕೇಳಿ: ಶಾಲೆ ಯಾವ ಬೋರ್ಡಿನದು, ಮಗುವನ್ನು ಯಾವ ಟಿಯರ್‌ಗೆ ಹಾಕುತ್ತಾರೆ. ಫೌಂಡೇಶನ್‌ನಲ್ಲಿ ಸಿಗುವ ಅತಿ ದೊಡ್ಡ ಗ್ರೇಡ್ 5, ಹೈಯರ್‌ನಲ್ಲಿ 9. ಊರಿಂದ ವರ್ಷದ ನಡುವೆ ಬಂದ ಮಗುವನ್ನು ಇಂಗ್ಲಿಷ್ ಅಭ್ಯಾಸವಾಗಲಿ ಅಂತ ಕೆಳಗಿನ ಸೆಟ್‌ನಲ್ಲಿ (ಮಟ್ಟದ ಪ್ರಕಾರ ಮಾಡಿದ ಗುಂಪಿನಲ್ಲಿ) ಕೂರಿಸಿದ್ದರೆ, ಅದರ ಗಣಿತ ಯಾವ ಮಟ್ಟದ್ದು ಅಂತ ಊರಿನ ನೋಟ್‌ಬುಕ್, ಅಂಕಪಟ್ಟಿ ತೋರಿಸಿ ಟೀಚರ್ ಜೊತೆ ಮಾತಾಡಿ. ಇಯರ್ 11 (ಜಿಸಿಎಸ್‌ಇ ಬರೆಯುವ ವರ್ಷ) ಶುರುವಾಗುವ ಮೊದಲೇ ಮಾತಾಡುವುದು ಒಳ್ಳೆಯದು.