ಮುಂಬೈಯಲ್ಲಿ ಎಲ್ಲರೂ ನೋಡುವುದನ್ನೇ ನೋಡಿ

ಮುಂಬೈಗೆ ಹೊರಟರೆ ‘ಗೇಟ್‌ವೇ ಆಫ್ ಇಂಡಿಯಾದಲ್ಲಿ ಏನಿದೆ, ಬರೀ ಜನಜಂಗುಳಿ’ ಎಂದು ಮೂಗು ಮುರಿಯುವವರು ಸಿಕ್ಕೇ ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. 1924ರಲ್ಲಿ ಉದ್ಘಾಟನೆಯಾದ ಆ ಕಮಾನಿನ ಬಳಿಗೆ ಬೆಳಿಗ್ಗೆ ಬೇಗ ಹೋಗಿ; ಎದುರಿನ ತಾಜ್ ಹೋಟೆಲ್, ಸಮುದ್ರ, ಪಾರಿವಾಳ ಎಲ್ಲವನ್ನೂ ನೆಮ್ಮದಿಯಿಂದ ನೋಡಬಹುದು. ಗುಹಾದೇವಾಲಯಗಳಿರುವ ಎಲಿಫೆಂಟಾ ದ್ವೀಪಕ್ಕೆ ದೋಣಿ ಹೊರಡುವುದೂ ಅಲ್ಲಿಂದಲೇ, ಸುಮಾರು ಒಂದು ಗಂಟೆಯ ಪಯಣ. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಮಳೆಗಾಲದಲ್ಲಿ ದೋಣಿಗಳನ್ನು ನಂಬುವಂತಿಲ್ಲ. ಮೊದಲ ದೋಣಿಯನ್ನೇ ಹಿಡಿದರೆ ಮೂರು ಮುಖದ ಸದಾಶಿವನ ಮುಂದೆ ಯಾರ ತಲೆಯೂ ಅಡ್ಡ ಬರದೆ ನಿಲ್ಲಬಹುದು. ತಿಂಡಿ ಚೀಲದೊಳಗಿರಲಿ, ದ್ವೀಪದ ಮಂಗಗಳಿಗೆ ದಾಕ್ಷಿಣ್ಯವೆಂಬುದಿಲ್ಲ. ಕತ್ತಲಾದ ಮೇಲೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ ದೀಪಗಳಿಂದ ಬೆಳಗುತ್ತದೆ. ಎದುರಿನ ಮಹಾನಗರ ಪಾಲಿಕೆ ಕಟ್ಟಡದ ಬಳಿ ಸೆಲ್ಫಿಗೆಂದೇ ಜಾಗ ಮಾಡಿದ್ದಾರೆ. ಸಂಕೋಚವಿಲ್ಲದೆ ನಿಂತು ತೆಗೆಸಿಕೊಳ್ಳಿ.