ಯಾರ ಮೂಗಿಗೆ ಕಡ್ಡಿ?

ಸಂಜೆ ನಾಲ್ಕಕ್ಕೆ ಫೋನ್ ಬರುತ್ತದೆ. ‘ಟಾರ್ಗೆಟ್ 300, ನಿಮ್ಮಲ್ಲಿ ಆಗಿರೋದು 180. ಉಳಿದದ್ದು ಯಾವಾಗ?’ ಐದಕ್ಕೆ ಜೀಪು ಬಸ್ ನಿಲ್ದಾಣದಲ್ಲಿ. ಇಳಿಯುವವರು, ಹತ್ತುವವರು, ಕಡಲೆಕಾಯಿ ಮಾರುವವರು, ಸಿಕ್ಕವರ ಮೂಗಿಗೆಲ್ಲ ಕಡ್ಡಿ. ಏಳರ ಹೊತ್ತಿಗೆ ಲೆಕ್ಕ ತುಂಬಿರುತ್ತದೆ. ಮೂರು ದಿನದಿಂದ ಜ್ವರದಲ್ಲಿ ಮಲಗಿದ ಹಿಂದಿನ ಬೀದಿಯ ಅಜ್ಜಿಯ ಮನೆಗೆ ಮಾತ್ರ ಯಾರೂ ಹೋಗಿರುವುದಿಲ್ಲ. 2020–21ರ ಕೋವಿಡ್ ಕಾಲದಲ್ಲಿ, ಪರೀಕ್ಷೆಯ ಹೆಸರಿನಲ್ಲಿ, ಇದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಕಡೆಯಂತೂ ಯಾರ ಮೂಗನ್ನೂ ಮುಟ್ಟದ ಕಡ್ಡಿಗಳು ನೇರವಾಗಿ ಟ್ಯೂಬಿಗಿಳಿದವು.

ಸಾಂಕ್ರಾಮಿಕ ಮತ್ತೆ ಬಂದಾಗ ತಾಲ್ಲೂಕು ಆರೋಗ್ಯಾಧಿಕಾರಿಯೋ ಪಂಚಾಯಿತಿ ಕಾರ್ಯಪಡೆಯವರೋ ಪರೀಕ್ಷೆಯ ಹೊಣೆ ಹೊತ್ತರೆ ಹೇಗೆ ಮಾಡಬೇಕು ಎಂದು ಬರೆದಿಟ್ಟಿದ್ದೇನೆ.

ಹಂತ 1: ಯಜಮಾನಿಕೆ ಒಬ್ಬರಿಗೇ ಇರಲಿ

ಯಾರನ್ನು ಪರೀಕ್ಷಿಸಬೇಕು ಎಂದು ಹೇಳುವ ಬಾಯಿ ಒಂದೇ ಇರಬೇಕು, ಅದು ಆರೋಗ್ಯ ಇಲಾಖೆಯದೇ ಆಗಿರಬೇಕು. ಲ್ಯಾಬ್, ಕಿಟ್, ಐಸ್‌ಬಾಕ್ಸ್ ಎಲ್ಲವನ್ನೂ ರೋಗ ಹರಡುವ ಮೊದಲೇ ಹೊಂದಿಸಿಕೊಳ್ಳಿ. 2015ರಲ್ಲಿ ಮರ್ಸ್ ಎಂಬ, ಕೊರೊನಾ ವೈರಸ್ಸಿನದೇ ಇನ್ನೊಂದು ಕಾಯಿಲೆಯಲ್ಲಿ 38 ಜನರನ್ನು ಕಳೆದುಕೊಂಡ ದಕ್ಷಿಣ ಕೊರಿಯಾ ಅದರಿಂದ ಪಾಠ ಕಲಿತಿತ್ತು. 2020ರ ಜನವರಿ 27ರಂದು, ದೇಶದಲ್ಲಿ ನಾಲ್ಕೇ ಕೋವಿಡ್ ಪ್ರಕರಣ ಇದ್ದಾಗ, ಅಲ್ಲಿನ ಅಧಿಕಾರಿಗಳು ಕಿಟ್ ತಯಾರಕರನ್ನು ಸೋಲ್ ರೈಲು ನಿಲ್ದಾಣಕ್ಕೆ ಕರೆಸಿ ಮಾತಾಡಿದರು. ಇನ್ನೂ ಹತ್ತು ದಿನ ತುಂಬುವ ಮೊದಲೇ ಮೊದಲ ಕಿಟ್‌ಗೆ ಅನುಮತಿ ಸಿಕ್ಕಿತ್ತು.

ಹಂತ 2: ಪಟ್ಟಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಪಟ್ಟಿಯಲ್ಲಿ ಮೊದಲು ಬರಬೇಕಾದವರು ಜ್ವರ, ಕೆಮ್ಮು, ಉಬ್ಬಸ ಇರುವವರು. ಅವರು ಕ್ಯಾಂಪಿಗೆ ನಡೆದು ಬರುವುದಿಲ್ಲ. ಊರಿನ ಮೆಡಿಕಲ್ ಸ್ಟೋರಿಗೆ ಹೋಗಿ, ಈ ವಾರ ಪ್ಯಾರಾಸಿಟಮಾಲ್, ಕೆಮ್ಮಿನ ಸಿರಪ್ ಯಾವ ಬೀದಿಗೆ ಹೆಚ್ಚು ಹೋಯಿತು ಎಂದು ಕೇಳಿ. ಪದವಿಯಿಲ್ಲದೆ ಊರಲ್ಲೇ ಮದ್ದು ಕೊಡುವ ಆರ್‌ಎಂಪಿ ವೈದ್ಯರನ್ನೂ ಕೇಳಿ. ಅವರನ್ನು ಹೆದರಿಸಿದರೆ ಆ ದಾರಿ ಮುಚ್ಚಿದ ಹಾಗೆಯೇ.

ಆಮೇಲೆ ಸಂಪರ್ಕಿತರು. ಪಾಸಿಟಿವ್ ಬಂದವರ ಮುಂದೆ ಕೂತು ‘ಯಾರ್‍ಯಾರ ಜೊತೆ ಇದ್ರಿ?’ ಎಂದರೆ ‘ಯಾರ ಜೊತೆಗೂ ಇಲ್ಲ ಸಾರ್’ ಎಂಬ ಉತ್ತರ ಗ್ಯಾರಂಟಿ. ಹೆಸರು ಕೇಳಬೇಡಿ, ದಿನಚರಿ ಕೇಳಿ. ಲಕ್ಷಣ ಶುರುವಾದ ದಿನದಿಂದ ಎರಡು ದಿನ ಹಿಂದಕ್ಕೆ ಹೋಗಿ. ಬೆಳಗ್ಗೆ ಹಾಲು ಡೇರಿಗೆ ಎಷ್ಟು ಹೊತ್ತಿಗೆ ಹೋದಿರಿ? ತಿಂಡಿ ಎಲ್ಲಿ? ಆಟೋದಲ್ಲಿ ಎಷ್ಟು ಜನ ಇದ್ದರು? ಮಧ್ಯಾಹ್ನ ಊಟ ಆದಮೇಲೆ ಯಾರ ಜಗಲಿಯಲ್ಲಿ ಕೂತಿರಿ? ಹೀಗೆ ಕೇಳುತ್ತ ಹೋದರೆ ಸೀಮಂತವೊಂದು ತಾನಾಗಿ ಹೊರಬೀಳುತ್ತದೆ. ಇಸ್ಪೀಟಿನ ಮಾತು ಮಾತ್ರ ಹೆಂಡತಿಯ ಎದುರು ಬರುವುದಿಲ್ಲ. ಅದಕ್ಕೆ ಆಮೇಲೆ ಒಂದು ಫೋನ್ ಮಾಡಿ.

ಜೊತೆಯಲ್ಲಿ ಪೊಲೀಸರು ಬೇಡ. ಈ ಮಾತಿನಲ್ಲಿ ನನ್ನದು ಸ್ವಲ್ಪ ಹಟ. ಖಾಕಿ ಕಂಡ ಕೂಡಲೇ ಇಡೀ ಬೀದಿಯ ನೆನಪೇ ಅಳಿಸಿಹೋಗುತ್ತದೆ. ಆಶಾ ಕಾರ್ಯಕರ್ತೆಗೆ ಮನೆಮನೆಯ ಬಸುರಿ ಬಾಣಂತಿಯರು ಗೊತ್ತು. ‘ಏನಕ್ಕಾ, ಮಗಳು ಬಂದಿದ್ಲಂತೆ?’ ಎಂದು ಅವರು ಒಂದು ಮಾತು ಕೇಳಿದರೆ ಸಾಕು. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಕಂಡಾಗ ಸಾವಿರಕ್ಕೂ ಹೆಚ್ಚು ನೌಕರರನ್ನು ಹುಡುಕಿ ಕ್ವಾರಂಟೈನ್ ಮಾಡಲಾಯಿತು. ಸೋಂಕು ಎಲ್ಲಿಂದ ಬಂತು ಎಂಬ ಚರ್ಚೆ ಮುಗಿಯುವ ತನಕ ಕಾಯದೆ ಪಟ್ಟಿ ಹಿಡಿದು ಹೊರಟರು. ಮೇ ತಿಂಗಳ ಮಧ್ಯದ ಹೊತ್ತಿಗೆ ಆ ಸರಣಿ ನಿಂತಿತು.

ಇನ್ನು ಯಾವ ದಿನ ಎಂಬುದು. ನಿನ್ನೆ ಸೋಂಕಿತರ ಜೊತೆ ಊಟ ಮಾಡಿದವರ ಮೂಗಿಗೆ ಇವತ್ತೇ ಕಡ್ಡಿ ಹಾಕಿದರೆ ವೈರಸ್ ಸಿಗುವುದಿಲ್ಲ, ಅವರು ನೆಗೆಟಿವ್ ರಿಪೋರ್ಟ್ ಹಿಡಿದು ಮದುವೆಗೆ ಹೋಗುತ್ತಾರೆ. ಲಕ್ಷಣವಿಲ್ಲದ ನೇರ ಸಂಪರ್ಕಿತರನ್ನು ಸಂಪರ್ಕವಾದ ಐದರಿಂದ ಹತ್ತನೇ ದಿನದೊಳಗೆ ಒಮ್ಮೆ ಪರೀಕ್ಷಿಸಿ ಎಂದು 2020ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿದ್ದು ಇದಕ್ಕೇ. ಹೆಸರಿನ ಮುಂದೆ ಸಂಪರ್ಕದ ದಿನಾಂಕ, ಅದರ ಪಕ್ಕ ಪರೀಕ್ಷೆಯ ದಿನಾಂಕ ಬರೆಯಿರಿ. ಆ ದಿನದವರೆಗೆ ಅವರು ಮನೆಯಲ್ಲೇ ಇರಬೇಕು. ರೇಷನ್ ಮುಟ್ಟಿಸುವುದು ನಿಮ್ಮ ಕೆಲಸ. ಕೂಲಿಯವನಿಗೆ ಅಕ್ಕಿ ಕೊಡದೆ ‘ಹೊರಗೆ ಬರಬೇಡ’ ಎಂದರೆ ಅವನು ಬಂದೇ ಬರುತ್ತಾನೆ.

ಹಂತ 3: ಸ್ಯಾಂಪಲ್

ಟ್ಯೂಬಿಗೆ ಹೆಸರು ಮೊದಲು, ಕಡ್ಡಿ ಆಮೇಲೆ. ಕಡ್ಡಿ ಕಣ್ಣಿನ ಕಡೆಗೆ ಮೇಲಕ್ಕಲ್ಲ, ಕಿವಿಯ ಕಡೆಗೆ ನೇರ ಹಿಂದಕ್ಕೆ ಹೋಗಬೇಕು. ಐಸ್‌ಬಾಕ್ಸಿನಲ್ಲಿ 2ರಿಂದ 8 ಡಿಗ್ರಿ ಇರಲಿ.

ಹಂತ 4: ನೆಗೆಟಿವ್ ಅನ್ನು ನಂಬಬೇಡಿ

ವೈರಸ್ಸಿನ ಪ್ರೋಟೀನನ್ನು ಸ್ಥಳದಲ್ಲೇ ಹುಡುಕುವ ರ‍್ಯಾಪಿಡ್ ಆಂಟಿಜನ್ ಪರೀಕ್ಷೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಅದಕ್ಕೇ ಎಲ್ಲರಿಗೂ ಪ್ರೀತಿ. ಅದು ಪಾಸಿಟಿವ್ ಎಂದರೆ ಸಾಮಾನ್ಯವಾಗಿ ಪಾಸಿಟಿವೇ. ನೆಗೆಟಿವ್ ಎಂದರೆ? 2020ರ ಜೂನ್‌ನಲ್ಲಿ ಐಸಿಎಂಆರ್ ಮೊದಲ ಕಿಟ್‌ಗೆ ಅನುಮತಿ ಕೊಟ್ಟಾಗ, ಸೋಂಕು ಹಿಡಿಯುವ ಅದರ ಸಾಮರ್ಥ್ಯ ಎರಡು ಕಡೆಯ ಪರೀಕ್ಷೆಯಲ್ಲಿ ಶೇ 50.6ರಿಂದ ಶೇ 84ರವರೆಗೆ ಇತ್ತು. ಲೆಕ್ಕ ಹಾಕಿ: ಜ್ವರ ಬಂದ 100 ಜನರಲ್ಲಿ 30 ಮಂದಿಗೆ ನಿಜಕ್ಕೂ ಸೋಂಕಿದ್ದರೆ ಸುಮಾರು 5ರಿಂದ 15 ಮಂದಿ ‘ಏನಿಲ್ಲವಂತೆ’ ಎಂದು ಮನೆಗೆ ಹೋಗುತ್ತಾರೆ. ಲಕ್ಷಣವಿದ್ದು ಆಂಟಿಜನ್ ನೆಗೆಟಿವ್ ಬಂದವರಿಗೆ ಲ್ಯಾಬಿನಲ್ಲಿ ಮಾಡುವ, ಹೆಚ್ಚು ನಿಖರವಾದ ಆರ್‌ಟಿ–ಪಿಸಿಆರ್ ಪರೀಕ್ಷೆ ಕಡ್ಡಾಯ ಎಂಬ ನಿಯಮ ಆಗಲೂ ಇತ್ತು. ಅದನ್ನು ಮರೆತ ಕ್ಯಾಂಪುಗಳನ್ನು ಬೆರಳಲ್ಲಿ ಎಣಿಸಿ ಮುಗಿಸಲಾರೆ. ನನ್ನ ಉಪಾಯ ಸರಳ: ಜ್ವರ ಇರುವವರಿಂದ ಒಂದೇ ಸಲಕ್ಕೆ ಎರಡು ಕಡ್ಡಿ ತೆಗೆಯಿರಿ. ಎರಡನೆಯದನ್ನು ಲ್ಯಾಬಿಗೆ ಕಳಿಸಿ. ‘ನಾಳೆ ಬನ್ನಿ’ ಎಂದರೆ ಬರುವುದಿಲ್ಲ.

ಕಿಟ್ ಕೊಳ್ಳುವಾಗ ಅಗ್ಗ ಎಂದು ಕೈ ಹಾಕಬೇಡಿ. 2020ರ ಏಪ್ರಿಲ್‌ನಲ್ಲಿ ಚೀನಾದಿಂದ ತರಿಸಿದ ಆಂಟಿಬಾಡಿ ರ‍್ಯಾಪಿಡ್ ಕಿಟ್‌ಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದೆ, ಬಳಸಬೇಡಿ, ವಾಪಸ್ ಕಳಿಸಿ ಎಂದು ಐಸಿಎಂಆರ್ ರಾಜ್ಯಗಳಿಗೆ ಬರೆಯಬೇಕಾಯಿತು. ಆಂಟಿಬಾಡಿ ಎಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು; ಬೆರಳಿನ ರಕ್ತದಲ್ಲಿ ಅದು ಕಾಣಲು ದಿನಗಳೇ ಬೇಕು. ಇವತ್ತು ಯಾರಿಂದ ಹರಡುತ್ತಿದೆ ಎಂದು ತಿಳಿಯಲು ಆ ಕಿಟ್ ತಪ್ಪು ಸಾಧನ.

ಹಂತ 5: ಕಿಟ್ ಸಾಲದಿದ್ದರೆ ಪೂಲ್

ಐದು ಸ್ಯಾಂಪಲ್‌ಗಳ ಸ್ವಲ್ಪ ಸ್ವಲ್ಪ ದ್ರವ ಬೆರೆಸಿ ಒಂದೇ ಪರೀಕ್ಷೆ. ನೆಗೆಟಿವ್ ಬಂದರೆ ಐವರೂ ಪಾರು, ಪಾಸಿಟಿವ್ ಬಂದರೆ ಐದನ್ನೂ ಬಿಡಿಬಿಡಿಯಾಗಿ ನೋಡಬೇಕು. 100 ಜನರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದರೆ 20 ಮತ್ತು 5, ಒಟ್ಟು 25 ಪರೀಕ್ಷೆ ಸಾಕು. ಹತ್ತು ಮಂದಿಗೆ ಇದ್ದು ಅವರು ಹತ್ತು ಬೇರೆ ಬೇರೆ ಗುಂಪಿನಲ್ಲಿದ್ದರೆ 70 ಆಗುತ್ತದೆ, ಸಮಯವೂ ದುಪ್ಪಟ್ಟು. ಪಾಸಿಟಿವಿಟಿ, ಅಂದರೆ ಪರೀಕ್ಷೆ ಆದವರಲ್ಲಿ ಪಾಸಿಟಿವ್ ಬಂದವರ ಪ್ರಮಾಣ, ಶೇ 5 ದಾಟಿದ ಕಡೆ ಪೂಲ್ ಬೇಡ ಎಂದು ಐಸಿಎಂಆರ್ ಹೇಳಿದ್ದರ ಕಾರಣವೂ ಇದೇ. ಬೆರೆಸುವ ಕೆಲಸ ಲ್ಯಾಬಿನದು. ಕ್ಯಾಂಪಿನಲ್ಲೇ ಐದು ಕಡ್ಡಿಯನ್ನು ಒಂದು ಟ್ಯೂಬಿಗೆ ತುರುಕಿದವರನ್ನು ನೋಡಿದ್ದೇನೆ; ಪಾಸಿಟಿವ್ ಬಂದರೆ ಆ ಐವರನ್ನೂ ಮತ್ತೆ ಹುಡುಕಬೇಕು. ಸಂಪರ್ಕಿತರ ಮತ್ತು ಆರೋಗ್ಯ ಸಿಬ್ಬಂದಿಯ ಸ್ಯಾಂಪಲ್ ಪೂಲ್‌ಗೆ ಸೇರಿಸಬೇಡಿ.

ಹಂತ 6: ಅಂಕಿ ಓದುವುದು

ಪಾಸಿಟಿವಿಟಿ ಶೇ 5ಕ್ಕಿಂತ ಕೆಳಗೆ ಎರಡು ವಾರ ಇದ್ದರೆ ಹತೋಟಿಗೆ ಬಂದಂತೆ ಎಂದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಬಸ್ ನಿಲ್ದಾಣದ ಗಟ್ಟಿಮುಟ್ಟು ಮೂಗುಗಳನ್ನು ಸೇರಿಸಿದರೆ ಯಾವ ಊರಿನ ಶೇಕಡವಾರನ್ನೂ ಸಂಜೆಯೊಳಗೆ ಇಳಿಸಬಹುದು. ಹಾಗಾಗಿ ಜ್ವರದವರದ್ದು, ಸಂಪರ್ಕಿತರದ್ದು, ಉಳಿದವರದ್ದು ಎಂದು ಮೂರು ಲೆಕ್ಕ ಬೇರೆ ಬೇರೆ ಇಡಿ. ಮೇಲಿನವರು ಒಂದೇ ಅಂಕಿ ಕೇಳಿದರೆ ಮೂರನ್ನೂ ಕಳಿಸಿ.

ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಸ್ಯಾಂಪಲ್ ತೆಗೆದ ಹೊತ್ತು, ರಿಪೋರ್ಟ್ ಆ ಮನೆಗೆ ಮುಟ್ಟಿದ ಹೊತ್ತು. ನಡುವೆ ಎರಡು ದಿನಕ್ಕಿಂತ ಹೆಚ್ಚಾದರೆ ಅವತ್ತು ಕ್ಯಾಂಪ್ ನಿಲ್ಲಿಸಿ, ಜೀಪನ್ನು ಲ್ಯಾಬಿನ ಕಡೆ ತಿರುಗಿಸಿ. ಬಾಕಿ ಇರುವ ಟ್ಯೂಬುಗಳು ಮುಗಿಯುವ ತನಕ ಹೊಸ ಕಡ್ಡಿಯ ಪ್ಯಾಕೆಟ್ ಒಡೆಯಬೇಡಿ.